ಕೆಂಪು ಗೆರೆಯ ಕಾದಂಬರಿ

ಕೇಳದಿದ್ದರೂ ಔಷಧಿ ಹೇಳುವ ಚಟ ಕೆಲವರಿಗಿರುತ್ತದೆ. ನೀವು ಒಂದು ಸಲ ಸೀನಿದರೆ ಸಾಕು, ಬಸ್ಸಿನಲ್ಲಿ ಮುಂದಿನ ಸೀಟಿನವರು ಹಿಂದಕ್ಕೆ ತಿರುಗಿ ಕುಳಿತು ತುಳಸಿ ರಸದಿಂದ ಶುರುಮಾಡುತ್ತಾರೆ. ಇನ್ನು ಕೆಲವರಿಗೆ ಗಂಡು ಹೆಣ್ಣು ಕೂಡಿಸುವ ಚಟ. ಅವರ ಕಣ್ಣಿಗೆ ಬಿದ್ದ ಹುಡುಗ ಹುಡುಗಿಯರು ಮದುವೆಯಾಗುವ ತನಕ ಅವರಿಗೆ ನಿದ್ದೆ ಹತ್ತುವುದಿಲ್ಲ. ನನ್ನ ಚಟ ಇವೆರಡಕ್ಕಿಂತ ನಿರಪಾಯಕಾರಿ ಎಂದು ಮೊನ್ನೆ ಮೊನ್ನೆಯವರೆಗೂ ನಂಬಿಕೊಂಡಿದ್ದೆ. ನಾನು ಓದುವುದಕ್ಕೆ ಕಾದಂಬರಿ ಹೇಳುತ್ತೇನೆ. ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ, ತರಕಾರಿ ಮಾರುವವಳಿಗೂ ಒಮ್ಮೆ ಹೇಳಿದ್ದೇನೆ. ಅವಳು ನನ್ನ ಮುಖ ನೋಡಿ ಎರಡು ಹಸಿಮೆಣಸಿನಕಾಯಿ ಹೆಚ್ಚಿಗೆ ಹಾಕಿ ಕಳಿಸಿದಳು. ಕಾದಂಬರಿಯಿಂದ ಯಾರಿಗಾದರೂ ಕೆಡುಕಾಗುತ್ತದೆ ಎಂದು ಯಾರು ತಾನೇ ಎಣಿಸುತ್ತಾರೆ? ಈಗ ನನಗಾಗಿರುವ ಗಾಬರಿಯಲ್ಲಿ, ಆ ತರಕಾರಿಯವಳು ಪುಸ್ತಕ ತೆಗೆದುಕೊಂಡು ಹೋಗದೇ ಇದ್ದದ್ದು ಅವಳ ಪುಣ್ಯ ಅನ್ನಿಸುತ್ತಿದೆ.

ನನ್ನ ಹುಟ್ಟೂರು ಬೇಲೂರು, ಈಗ ಅರಸೀಕೆರೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟ್ರು. ಹೊಸದಾಗಿ ಬರುವ ಕಾದಂಬರಿಗಳನ್ನು ಬೆಂಗಳೂರಿನಿಂದ ಅಂಚೆಯಲ್ಲಿ ತರಿಸುತ್ತೇನೆ. ತಿಂಗಳ ಮೊದಲ ಭಾನುವಾರ ನಮ್ಮ ಬೀದಿಯವರ ವಾಟ್ಸಾಪ್ ಗುಂಪಿನಲ್ಲಿ ನಾಲ್ಕು ಪುಸ್ತಕಗಳ ವಿವರ ಹಾಕುತ್ತೇನೆ: ಒಂದು ಪತ್ತೇದಾರಿ, ಒಂದು ಮೈ ನಡುಗಿಸುವಂಥದ್ದು, ಒಂದು ಐತಿಹಾಸಿಕ, ಒಂದು ಪ್ರಣಯ. ಗುಂಪು ಶುರುವಾದದ್ದು ನಲ್ಲಿಯಲ್ಲಿ ನೀರು ಬಂತೋ ಇಲ್ಲವೋ ಎಂದು ತಿಳಿಸುವುದಕ್ಕೆ. ಹಾಗಾಗಿ ಈಗಲೂ ‘ನೀರು ಬಂತು’ ಎಂಬ ಸಂದೇಶಗಳ ನಡುವೆ ನನ್ನ ಕಾದಂಬರಿಗಳು ತೇಲಿ ಬರುತ್ತವೆ. ಆದರೂ ಓದುವವರಿದ್ದಾರೆ. ರೈಲ್ವೆಯ ಗುಮಾಸ್ತರೊಬ್ಬರಿಗೆ ಅರಸೀಕೆರೆಯಲ್ಲಿ ರೈಲು ಹತ್ತಿದಾಗ ಹೆಣ ಬಿದ್ದು ಯಶವಂತಪುರದಲ್ಲಿ ಇಳಿಯುವಾಗ ಕೊಲೆಗಾರ ಸಿಗುವಂಥ ಪುಸ್ತಕವೇ ಬೇಕು. ತುಮಕೂರಿಗೇ ಸಿಕ್ಕಿಬಿದ್ದರೆ ನನ್ನ ಮೇಲೆ ಸಿಟ್ಟಾಗುತ್ತಾರೆ. ಹಳೇಬೀಡಿನಲ್ಲಿ ಪ್ರವಾಸಿಗಳಿಗೆ ದೇವಸ್ಥಾನ ತೋರಿಸಿ ನಿವೃತ್ತರಾದ ಗೆಳೆಯರೊಬ್ಬರಿದ್ದಾರೆ. ಅವರಿಗೆ ಹೊಯ್ಸಳರ ಕಾಲದ ಹೊಸ ಕಾದಂಬರಿಯೊಂದನ್ನು ಕೊಟ್ಟಿದ್ದೆ. ಮೂರೇ ದಿನಕ್ಕೆ ಹಿಂತಿರುಗಿಸಿದರು. ‘ಮೇಷ್ಟ್ರೇ, ಇದರಾಗೆ ಸೇನಾಪತಿ ಹಳೇಬೀಡು ಬಿಟ್ಟು ಬೇಲೂರು ಸೇರೋದ್ರಾಗೆ ಎರಡು ಕುದುರೆ ಸತ್ತು ಬೀಳ್ತವೆ. ನಾನು ಮದುವೆಗೆ ಮುಂಚೆ ಸೈಕಲ್ ಮ್ಯಾಲೆ ಒಂದು ಗಂಟೇಲಿ ಹೋಗಿ ಸಿನಿಮಾ ನೋಡ್ಕೊಂಡು ಬತ್ತಿದ್ದೆ’ ಅಂದರು. ಅಲ್ಲಿಂದ ಮುಂದೆ ಐತಿಹಾಸಿಕ ಕಾದಂಬರಿ ಕೊಡುವಾಗ ನಾನೇ ಮೊದಲು ದಾರಿಯ ಲೆಕ್ಕ ನೋಡಿ ಕೊಡುತ್ತೇನೆ.

ಈಗ ನನ್ನ ಇನ್ನೊಂದು ದುರಭ್ಯಾಸ ಹೇಳಬೇಕು, ಏಕೆಂದರೆ ರಾದ್ಧಾಂತವೆಲ್ಲ ಅದರಿಂದಲೇ. ಇಪ್ಪತ್ತೆಂಟು ವರ್ಷ ಪಾಠ ಹೇಳಿದವನ ಕೈಗೆ ಪುಸ್ತಕ ಬಂದರೆ ಜೊತೆಗೆ ಕೆಂಪು ಪೆನ್ಸಿಲ್ಲೂ ಬರುತ್ತದೆ. ಗೆರೆ ಎಳೆಯದೆ ನನಗೆ ಓದಲು ಬರುವುದಿಲ್ಲ. ಎಳೆದ ಗೆರೆಯ ಪಕ್ಕದಲ್ಲಿ ಕೈ ತಾನಾಗಿಯೇ ‘ಮುಖ್ಯ’ ಎಂದು ಬರೆಯುತ್ತದೆ. ಇನ್ನೂ ಚೆನ್ನಾಗಿದ್ದರೆ ‘ಗಮನಿಸಿ’ ಎಂದು. ಅತಿ ಚೆನ್ನಾಗಿದ್ದರೆ ‘ಎರಡು ಸಲ ಓದಿ’ ಎಂದು. ಮದುವೆಯ ಆಮಂತ್ರಣ ಪತ್ರಿಕೆಯಲ್ಲೂ ಮುಹೂರ್ತದ ಕೆಳಗೆ ಗೆರೆ ಎಳೆದು ಇಟ್ಟವನು ನಾನು. ಪಾಠದ ಪುಸ್ತಕದಲ್ಲಿ ಇದು ಗುಣ, ಕೊಲೆಯ ಪುಸ್ತಕದಲ್ಲಿ ಏನಾಗುತ್ತದೆ ಎಂದು ನಾನು ಯೋಚಿಸಿರಲಿಲ್ಲ.

ನಮ್ಮ ಎದುರು ಮನೆ ಕೊಬ್ಬರಿ ವ್ಯಾಪಾರಿ ಮಲ್ಲೇಶಪ್ಪನವರದು. ಬೆಳಗ್ಗೆ ಸ್ನಾನ, ಲಿಂಗಪೂಜೆ, ಹಣೆಗೆ ಮೂರು ಬೆರಳ ವಿಭೂತಿ, ಆಮೇಲೆ ತಿಂಡಿ, ಆಮೇಲೆ ಮಂಡಿ. ಗಡಿಯಾರ ತಪ್ಪಿದರೂ ಅವರು ತಪ್ಪುವವರಲ್ಲ. ಅವರ ಹೆಂಡತಿ ಗೌರಮ್ಮ, ಹಳೇಬೀಡಿನ ಪಕ್ಕದ ಮಾದಿಹಳ್ಳಿಯವರು. ನನ್ನ ಓದುಗರಲ್ಲೆಲ್ಲ ಆಕೆಯೇ ಶ್ರೇಷ್ಠ. ಕೊಟ್ಟದ್ದನ್ನು ವಾರದಲ್ಲಿ ಓದಿ, ರಟ್ಟಿಗೆ ಅರಿಶಿನದ ಕಲೆ ಆಗದಂತೆ ಹಾಳೆ ಸುತ್ತಿ ಹಿಂತಿರುಗಿಸುವಂಥವರು. ಕಳೆದ ತಿಂಗಳು ಅವರಿಗೆ ಮೈ ನಡುಗಿಸುವ ಹೊಸ ಕಾದಂಬರಿಯೊಂದನ್ನು ನಾನೇ ಒತ್ತಾಯ ಮಾಡಿ ಕೊಟ್ಟೆ. ಅದರಲ್ಲಿ ಒಬ್ಬ ತೋಟದ ಯಜಮಾನ. ಅವನ ಹೆಂಡತಿ ತುಂಬ ಸಾಧು ಹೆಂಗಸು. ದಿನವೂ ಊಟದ ಕೊನೆಯಲ್ಲಿ ಮಜ್ಜಿಗೆಗೆ ಒಂದು ಚಿಟಿಕೆ ಏನನ್ನೋ ಬೆರೆಸಿ ನಲವತ್ತು ದಿನದಲ್ಲಿ ಅವನನ್ನು ಸ್ವರ್ಗಕ್ಕೆ ಕಳಿಸುತ್ತಾಳೆ. ‘ಓದಿ ನೋಡಿ, ಕೊನೆಯವರೆಗೂ ಗೊತ್ತಾಗುವುದಿಲ್ಲ’ ಎಂದು ಹೇಳಿ ಎಲ್ಲವನ್ನೂ ಹೇಳಿಯೇ ಕೊಟ್ಟೆ.

ಅದಾಗಿ ಹತ್ತು ಹನ್ನೆರಡು ದಿನ ಕಳೆದಿರಬಹುದು. ಒಂದು ಬೆಳಗ್ಗೆ ಮಲ್ಲೇಶಪ್ಪನವರು ವಿಭೂತಿ ಧರಿಸಿಕೊಂಡು ನಮ್ಮ ಮನೆಗೆ ಬಂದು ಕುಳಿತರು. ‘ತಿಂಡಿ ಆಯ್ತಾ ಮೇಷ್ಟ್ರೇ?’ ಅಂದರು. ಆಗುತ್ತಿದೆ ಅಂದೆ. ‘ಆಗ್ಲಿ, ಆಗ್ಲಿ’ ಎನ್ನುತ್ತ ಅಲ್ಲಾಡದೆ ಕುಳಿತೇ ಇದ್ದರು. ನನ್ನ ಹೆಂಡತಿ ವನಜ ತಟ್ಟೆ ತಂದಿಟ್ಟಳು. ನಾಲ್ಕು ಅಕ್ಕಿರೊಟ್ಟಿ ಹುಚ್ಚೆಳ್ಳು ಚಟ್ನಿಯ ಜೊತೆ ಹೋದವು. ಮರುದಿನವೂ ಬಂದರು, ಅದರ ಮರುದಿನವೂ ಬಂದರು. ಮೂರನೆಯ ದಿನ ಕೈ ತೊಳೆದುಕೊಂಡು, ಬಾಗಿಲ ಕಡೆ ನೋಡಿ, ಅಂಗಿಯ ಒಳಗಿನಿಂದ ಹಾಳೆ ಸುತ್ತಿದ ಒಂದು ಪುಸ್ತಕ ತೆಗೆದರು.

‘ಮೇಷ್ಟ್ರೇ, ನಿಮ್ಮನ್ನ ಬಿಟ್ರೆ ಇನ್ಯಾರಿಗೂ ಹೇಳಂಗಿಲ್ಲ. ಕನ್ನಡಕ ಹುಡುಕ್ತಾ ಅಡಿಗೆಮನೆ ಗೂಡಿಗೆ ಕೈ ಹಾಕ್ದೆ, ಇದು ಸಿಕ್ತು. ಮೆಣಸಿನ ಡಬ್ಬಿ ಹಿಂದೆ ಇತ್ತು. ನಾನೇನು ಪುಸ್ತಕ ಓದೋನಲ್ಲ. ಆದ್ರೆ ಮಂಡಿಗೆ ಬರೋ ಕಾಗದದಾಗೆ ಕೆಂಪು ಗೆರೆ ಎಳೆದದ್ದು ಮಾತ್ರ ಓದೋದು ನಮ್ಮಪ್ಪನ ಕಾಲದಿಂದ ಅಭ್ಯಾಸ. ಅಷ್ಟೇ ಓದ್ದೆ.’

ಅವರು ತೆರೆದು ತೋರಿಸಿದರು. ನೂರಾ ಆರನೆಯ ಪುಟ. ‘ದಿನಕ್ಕೆ ಒಂದೇ ಚಿಟಿಕೆ. ಆತುರ ಕೂಡದು’ ಎಂಬ ವಾಕ್ಯದ ಕೆಳಗೆ ಅಚ್ಚುಕಟ್ಟಾದ ಕೆಂಪು ಗೆರೆ. ಪಕ್ಕದಲ್ಲಿ ‘ಮುಖ್ಯ’. ನೂರಾ ಹನ್ನೊಂದರಲ್ಲಿ ‘ಮಜ್ಜಿಗೆಯಲ್ಲಿ ಬೆರೆತರೆ ಬಣ್ಣವೂ ತಿಳಿಯದು, ರುಚಿಯೂ ತಿಳಿಯದು’ ಎಂಬಲ್ಲಿ ಎರಡು ಗೆರೆ, ‘ಗಮನಿಸಿ’. ಕಾದಂಬರಿಯ ಹೆಂಡತಿ ಲೋಟವನ್ನು ಮುಂದಿಟ್ಟು ನಗುವ ಜಾಗದಲ್ಲಿ ‘ಎರಡು ಸಲ ಓದಿ’.

ಮಲ್ಲೇಶಪ್ಪನವರು ಇದನ್ನೆಲ್ಲ ಗೌರಮ್ಮನೇ ಬರೆದದ್ದು ಎಂದುಕೊಂಡಿದ್ದಾರೆ. ಮೂವತ್ತು ವರ್ಷಕ್ಕೂ ಮೇಲೆ ಸಂಸಾರ ಮಾಡಿದ ಮನುಷ್ಯನಿಗೆ ಹೆಂಡತಿಯ ಕೈಬರಹ ಗೊತ್ತಿಲ್ಲವೇ ಎಂದು ನನಗೆ ಆ ಗಾಬರಿಯಲ್ಲೂ ಆಶ್ಚರ್ಯವಾಯಿತು. ‘ಹತ್ತು ದಿನದಿಂದ ನೋಡ್ತಾ ಇದೀನಿ, ಊಟಕ್ಕೆ ಕೂತ್ರೆ ಆಕೆ ಮಜ್ಜಿಗೆ ತಂದು ಮುಂದೆ ಇಡ್ತಾಳೆ. ನಗ್ತಾಳೆ ಬೇರೆ. ಹೊಟ್ಟೆನೋವು ಅಂತ ಹೇಳಿ ಚೆಲ್ತಾ ಇದೀನಿ. ಈ ಗೆರೆ ಎಳೆದೋರ ಮನಸ್ಸಿನಾಗೆ ಅದೆಂಥ ವಿಷ ಐತೋ ಶಿವನೇ ಬಲ್ಲ’ ಅಂದರು. ಆ ಗೆರೆ ಎಳೆದವನು ನಾನು ಎಂದು ಹೇಳುವ ಸಮಯ ಅದೇ ಆಗಿತ್ತು. ಬಾಯಿ ತೆರೆದೆ. ಆದರೆ ಅಷ್ಟರಲ್ಲಿ ನನ್ನ ಮನಸ್ಸಿನಲ್ಲಿ ವಿಷವಿದೆ ಎಂದು ಅವರು ಶಿವನನ್ನು ಸಾಕ್ಷಿಗೆ ಕರೆದಾಗಿತ್ತು. ಬಾಗಿಲಲ್ಲಿ ವನಜ ಲೋಟ ಹಿಡಿದು ನಿಂತಿದ್ದಳು. ‘ನೋಡೋಣ, ವಿಚಾರ ಮಾಡ್ತೀನಿ’ ಎಂದು ಗೊಣಗಿದೆ. ಹೆಡ್‌ಮಾಸ್ಟರು ಕೇಳಿದ್ದಕ್ಕೆಲ್ಲ ಕೊಡುವ ಉತ್ತರ ಅದು, ಬಾಯಿಗೆ ಸುಲಭವಾಗಿ ಬರುತ್ತದೆ.

ನಾನು ವಿಚಾರ ಮಾಡುವಷ್ಟರಲ್ಲಿ ಗೌರಮ್ಮ ಮನೆ ಬಿಟ್ಟರು. ಮಾರನೆಯ ದಿನ ಮಂಡಿಯಿಂದ ಬಂದ ಮಲ್ಲೇಶಪ್ಪನವರಿಗೆ ಕಂಡದ್ದು ಮುಚ್ಚಿಟ್ಟ ಅನ್ನ, ಸಾರು, ಒಂದು ಚೀಟಿ. ‘ಮಾದಿಹಳ್ಳಿಗೆ ಹೋಗಿದೀನಿ. ಮಜ್ಜಿಗೆ ಮಾಡಿಲ್ಲ. ಹೆದರದೆ ಉಣ್ಣಿ.’ ಅಷ್ಟೇ. ಫೋನು ಮಾಡಿದರೆ ಆಕೆ ಎತ್ತಲಿಲ್ಲ, ಅಣ್ಣ ಎತ್ತಿದ. ಅಣ್ಣ ಮಾತಾಡಿದ್ದನ್ನು ಮಲ್ಲೇಶಪ್ಪನವರು ನನಗೆ ಪೂರ್ತಿ ಹೇಳಲಿಲ್ಲ. ಮರುದಿನ ಬೆಳಗ್ಗೆ ಬಂದು, ‘ಇನ್ನು ಮ್ಯಾಲೆ ಕಳಿಸಲ್ಲ ಅಂದ ಮೇಷ್ಟ್ರೇ’ ಎಂದು ಮಾತ್ರ ಹೇಳಿ ನಮ್ಮ ಜಗಲಿಯ ಮೇಲೆ ಕುಳಿತುಬಿಟ್ಟರು. ಆ ದಿನ ಅವರ ಹಣೆಯಲ್ಲಿ ವಿಭೂತಿ ಇರಲಿಲ್ಲ. ಪೂಜೆ ತಪ್ಪಿಸಿದವರಲ್ಲ ಆ ಮನುಷ್ಯ. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ. ಹಾಸ್ಯ ಅಂದುಕೊಳ್ಳುತ್ತಿದ್ದದ್ದು ಒಂದು ಸಂಸಾರ ಮುರಿಯುವ ಮಾತಾಗಿತ್ತು. ಮುರಿದವನು ನಾನು, ಅದೂ ಐದು ರೂಪಾಯಿಯ ಪೆನ್ಸಿಲ್ಲಿನಲ್ಲಿ.

ಒಳಗೆ ಹೋದೆ. ವನಜ ಸೊಪ್ಪು ಬಿಡಿಸುತ್ತಿದ್ದಳು. ನಾನು ಏನೂ ಹೇಳುವ ಮೊದಲೇ, ‘ಗೆರೆ ಎಳೆದೋರು ಹೋಗಿ ಅಳಿಸಿ ಬನ್ನಿ’ ಅಂದಳು. ತಲೆ ಎತ್ತಲಿಲ್ಲ.

ಭಾನುವಾರ ಮಲ್ಲೇಶಪ್ಪನವರನ್ನೂ ಹೊರಡಿಸಿಕೊಂಡು ಬಸ್ಸು ಹತ್ತಿದೆ. ಬಾಣಾವರ ಬರಲಿ ಹೇಳೋಣ ಎಂದುಕೊಂಡೆ. ಬಾಣಾವರ ಬಂತು, ಹೋಯಿತು. ಜಾವಗಲ್ಲಿನಲ್ಲಿ ಹೇಳಿದೆ. ಬಸ್ಸು ನಿಂತಿತ್ತು, ಕಡಲೆಕಾಯಿಯವನು ಹತ್ತಿದ್ದ. ‘ಮಲ್ಲೇಶಪ್ಪನವರೇ, ಆ ಗೆರೆ ಎಳೆದದ್ದು ಗೌರಮ್ಮನವರಲ್ಲ. ನಾನು’ ಅಂದೆ. ಅವರು ಕಡಲೆಕಾಯಿಯ ಪೊಟ್ಟಣ ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದರು. ಈಗ ನಗುತ್ತಾರೆ, ಈಗ ಬೈಯುತ್ತಾರೆ ಎಂದು ಕಾದೆ. ಅವರು ನನ್ನ ಪಕ್ಕದಿಂದ ಎದ್ದು ಆಚೆ ಬದಿಯ ಖಾಲಿ ಸೀಟಿಗೆ ಹೋಗಿ ಕುಳಿತರು. ಸ್ವಲ್ಪ ಹೊತ್ತಾದ ಮೇಲೆ ಕತ್ತು ಚಾಚಿ ತಗ್ಗಿದ ದನಿಯಲ್ಲಿ, ‘ನಿಮ್ಮನೇಲಿ ಮಜ್ಜಿಗೆ ಯಾರು ಮಾಡ್ತಾರೆ?’ ಅಂದರು.

‘ವನಜ’ ಅಂದೆ.

‘ನೀವು ಕೈ ಹಾಕಲ್ಲ ತಾನೆ?’

ಹಾಕುವುದಿಲ್ಲ ಎಂದು ಆಣೆ ಮಾಡಿದೆ. ಪಾಠ ಹೇಳುವವರ ಕೈ ಹೀಗೆ, ಎಲ್ಲಿ ಕಂಡರೂ ಗೆರೆ ಎಳೆಯುತ್ತದೆ, ಇದರಲ್ಲಿ ಮನಸ್ಸಿನ ಪಾತ್ರವೇ ಇಲ್ಲ ಎಂದು ವಿವರಿಸಿದೆ. ಅವರಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ. ‘ವನಜಮ್ಮೋರು ಒಳ್ಳೇ ಹೆಂಗಸು ಕಣ್ರೀ’ ಎಂದು ಎರಡು ಸಲ ಹೇಳಿದರು. ಹಳೇಬೀಡಿನವರೆಗೂ ಅವರು ಆ ಸೀಟು ಬಿಟ್ಟು ಈಚೆ ಬರಲಿಲ್ಲ.

ಮಾದಿಹಳ್ಳಿಯಲ್ಲಿ ಆಟೋ ಇಳಿದಾಗ ಗೌರಮ್ಮ ಅಣ್ಣನ ಮನೆಯ ಮುಂದೆ ಕರುವಿಗೆ ಹುಲ್ಲು ಹಾಕುತ್ತಿದ್ದರು. ನಮ್ಮನ್ನು ನೋಡಿ ಕೈ ಕೊಡವಿಕೊಂಡು, ಗಂಡನ ಕಡೆ ತಿರುಗದೆ, ‘ಬನ್ನಿ ಮೇಷ್ಟ್ರೇ’ ಅಂದರು. ಅಣ್ಣ ಒಳಗಿನಿಂದ ಬಂದು, ಮಲ್ಲೇಶಪ್ಪನವರಿಗೆ ಕೂರಲು ಒಂದು ಚಾಪೆ ಎಸೆದು, ಕಂಬಕ್ಕೆ ಒರಗಿ ನಿಂತ. ಕೈಕಟ್ಟಿ ನಿಲ್ಲುವ ಆ ರೀತಿ ನನಗೆ ಸರಿಬರಲಿಲ್ಲ. ನಾನು ಬಸ್ಸಿನಲ್ಲಿ ಸಿದ್ಧಮಾಡಿಕೊಂಡಿದ್ದ ಮಾತೆಲ್ಲ ಮರೆತು, ತರಗತಿಯಲ್ಲಿ ಎದ್ದು ನಿಂತ ಹುಡುಗನ ಹಾಗೆ ನಿಂತು, ತಪ್ಪು ನನ್ನದು, ಗೆರೆ ನನ್ನದು, ಅಕ್ಷರ ನನ್ನದು ಎಂದು ಒಂದೇ ಉಸಿರಿಗೆ ಒಪ್ಪಿಸಿದೆ.

‘ಗೊತ್ತು’ ಅಂದರು ಗೌರಮ್ಮ. ‘ನಿಮ್ಮ ಕೆಂಪು ಪೆನ್ಸಿಲ್ಲು ಅರಸೀಕೆರೇಲಿ ಯಾರಿಗೆ ಗೊತ್ತಿಲ್ಲ?’

ಮಲ್ಲೇಶಪ್ಪನವರು ಚಾಪೆಯ ಮೇಲಿಂದ ಅರ್ಧ ಎದ್ದರು. ‘ಗೊತ್ತಿತ್ತಾ? ಮತ್ತೆ ನನಗ್ಯಾಕೆ ಹೇಳ್ಲಿಲ್ಲ?’

ಗೌರಮ್ಮ ಈಗ ಮೊದಲ ಸಲ ಗಂಡನನ್ನು ನೋಡಿದರು. ‘ನೀವು ಕೇಳ್ಲಿಲ್ಲ. ಮೂವತ್ತೊಂದು ವರ್ಷ ತಟ್ಟೆ ನೋಡ್ಕೊಂಡು ಉಂಡ್ರಿ. ಎಂಟು ದಿನ ನನ್ನ ಮುಖ ನೋಡ್ಕೊಂಡು ಉಂಡ್ರಿ. ಇದಕ್ಕೇನು ಹಾಕಿದೀಯ, ಅದಕ್ಕೇನು ಹಾಕಿದೀಯ, ನೀನೂ ಒಂಚೂರು ತಿನ್ನು, ನನ್ನ ಜೊತೆಗೇ ಕೂತ್ಕೊ ಅಂದ್ರಿ. ಈ ಮನೆಗೆ ಬಂದ ಮ್ಯಾಲೆ ನಾನು ನಿಮ್ಮ ಜೊತೆ ಕೂತು ಉಂಡಿದ್ದು ಆ ಎಂಟು ದಿನ ಮಾತ್ರ. ಹೆದರ್ಕೊಂಡಿದೀರಿ ಅಂತ ಗೊತ್ತಿತ್ತು. ಹೆದರ್ಕೊಂಡ್ರೂ ಪರವಾಗಿಲ್ಲ, ನೋಡ್ತಾರಲ್ಲ ಅಂತ ಸುಮ್ಕಿದ್ದೆ.’

ಮಲ್ಲೇಶಪ್ಪನವರು ನೆಲ ನೋಡುತ್ತಿದ್ದರು. ಕೊನೆಗೆ ಅವರೇ, ‘ಮತ್ತೆ ಬಿಟ್ಟು ಬಂದಿದ್ದು ಯಾಕೆ?’ ಎಂದು ಕೇಳಿದರು.

‘ಒಂಬತ್ತನೇ ದಿನ ಹೋಗಿ ವನಜಮ್ಮನ ಕೈಯ ರೊಟ್ಟಿ ತಿಂದು ಬಂದ್ರಲ್ಲ. ಬಂದು ಚೆನ್ನಾಗಿತ್ತು ಅಂತ ಬೇರೆ ಅಂದ್ರಿ. ನನ್ನ ರೊಟ್ಟೀನ ಒಂದು ದಿನ ಚೆನ್ನಾಗೈತೆ ಅಂದಿದೀರಾ?’

ವಿಷ ಹಾಕಿದಳೆಂದು ಅನುಮಾನಿಸಿದ್ದನ್ನು ಆಕೆ ಕ್ಷಮಿಸಿದ್ದರು. ಎದುರು ಮನೆಯ ರೊಟ್ಟಿಯನ್ನು ಹೊಗಳಿದ್ದನ್ನು ಕ್ಷಮಿಸಿರಲಿಲ್ಲ. ಇಷ್ಟು ಕಾದಂಬರಿ ಓದಿದ ನನಗೆ ಈ ತಿರುವು ಹೊಳೆದಿರಲಿಲ್ಲ. ಗೌರಮ್ಮ ಒಳಗೆ ಹೋಗಿ ದೊಡ್ಡ ಲೋಟದ ತುಂಬ ಮಜ್ಜಿಗೆ ತಂದು ಗಂಡನ ಮುಂದೆ ಇಟ್ಟರು. ಅಣ್ಣ ಕಂಬ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ. ಮಲ್ಲೇಶಪ್ಪನವರು ಲೋಟ ಎತ್ತಿ, ಕಣ್ಣು ಮುಚ್ಚಿ, ಒಂದೇ ಸಲಕ್ಕೆ ಕುಡಿದು ಕೆಳಗಿಟ್ಟರು. ಮೀಸೆ ಒರೆಸಿಕೊಂಡು, ‘ಇಂಗು ಹಾಕಿದೀಯ. ಚೆನ್ನಾಗೈತೆ. ಇನ್ನೊಂದು ಲೋಟ ಕೊಡು’ ಅಂದರು. ಗೌರಮ್ಮ ಕಣ್ಣಿಗೆ ಸೆರಗು ಹಚ್ಚಿಕೊಂಡು ಬಟ್ಟೆಯ ಚೀಲ ತರಲು ಒಳಗೆ ಹೋದರು. ನನ್ನ ತಲೆಯ ಮೇಲಿನಿಂದ ಒಂದು ಮೂಟೆ ಇಳಿಯಿತು.

ಇಲ್ಲಿಗೆ ನಾನು ಎದ್ದು ಬಂದಿದ್ದರೆ ಕಥೆ ಸುಖವಾಗಿ ಮುಗಿಯುತ್ತಿತ್ತು. ಹೊರಡುವಾಗ ಗೌರಮ್ಮ ಚೀಲ ಹಿಡಿದು ನನ್ನ ಹತ್ತಿರ ಬಂದು, ‘ಮೇಷ್ಟ್ರೇ, ಈ ಮೈ ನಡುಗಿಸೋದು ಸಾಕು. ಮುಂದಿನ ಸಲ ಪ್ರಣಯದ್ದೇ ಕೊಡಿ. ಅದರಾಗೆ ಕಪ್ಪು ಪೆನ್ಸಿಲ್ಲಿನ ಗೆರೆ ಇರ್ತಾವಲ್ಲ, ಅವು ಭಾಳ ಚೆಂದ’ ಅಂದರು.

‘ಯಾವ ಕಪ್ಪು ಪೆನ್ಸಿಲ್ಲು?’ ಅಂದೆ.

ಗೌರಮ್ಮ ನನ್ನ ಮುಖವನ್ನೇ ನೋಡಿದರು. ‘ನೀವು ನೋಡಿಲ್ವಾ?’ ಎಂದವರು ಬಾಯಿಗೆ ಸೆರಗು ಒತ್ತಿಕೊಂಡು ಬೇಗ ಬೇಗ ಆಟೋ ಹತ್ತಿಬಿಟ್ಟರು. ಬಸ್ಸಿನಲ್ಲಿ ಎಷ್ಟು ಕೇಳಿದರೂ, ‘ನಾನು ಹೇಳಂಗಿಲ್ಲ ಮೇಷ್ಟ್ರೇ, ಮನೆಗೆ ಹೋಗಿ ಓದಿ’ ಎನ್ನುವುದನ್ನು ಬಿಟ್ಟು ಬೇರೆ ಹೇಳಲಿಲ್ಲ. ಗಂಡ ಹೆಂಡತಿ ಒಂದೇ ಸೀಟಿನಲ್ಲಿ ಕಡಲೆಕಾಯಿ ತಿನ್ನುತ್ತಿದ್ದರು. ನಾನು ಹಿಂದಿನ ಸೀಟಿನಲ್ಲಿ ಒಬ್ಬನೇ ಬೆವರುತ್ತಿದ್ದೆ.

ಬೆವರಿದ್ದಕ್ಕೆ ಕಾರಣವಿದೆ, ಅದನ್ನು ನಿಮ್ಮಲ್ಲಿ ಮುಚ್ಚಿಡುವುದಿಲ್ಲ. ತಿಂಗಳಿಗೆ ನಾಲ್ಕು ಕಾದಂಬರಿ ಹೇಳುತ್ತೇನಲ್ಲ, ಅದರಲ್ಲಿ ಮೂರನ್ನು ಓದುತ್ತೇನೆ. ಪ್ರಣಯದ್ದನ್ನು ಇವತ್ತಿನವರೆಗೂ ಒಂದನ್ನೂ ಓದಿಲ್ಲ. ಹಿಂದಿನ ರಟ್ಟಿನ ಮೇಲೆ ಬರೆದದ್ದನ್ನು ಓದುತ್ತೇನೆ, ‘ಮನ ಮಿಡಿಯುವ ಕಥನ’ ಎಂಬ ಮಾತು ಸೇರಿಸುತ್ತೇನೆ, ಗುಂಪಿಗೆ ಹಾಕುತ್ತೇನೆ. ಹುಡುಗ ಹುಡುಗಿ ನೋಡಿದರು, ಅತ್ತರು, ಸೇರಿದರು, ಇದರಲ್ಲಿ ಐವತ್ತೈದರ ಗಂಡಸಿಗೆ ಏನಿದೆ ಎಂಬುದು ನನ್ನ ಎಣಿಕೆ. ಊರಿನ ಹೆಂಗಸರು ಪ್ರಣಯ ಕಾದಂಬರಿಗೆ ನನ್ನ ಮನೆ ಬಾಗಿಲಲ್ಲಿ ಸರದಿ ನಿಲ್ಲುವುದನ್ನು ಕಂಡು ನನ್ನ ರಟ್ಟಿನ ವಿಮರ್ಶೆಗೆ ಇಷ್ಟು ಬೆಲೆಯೇ ಎಂದು ಹಿಗ್ಗುತ್ತಿದ್ದೆ.

ಮನೆಗೆ ಬಂದಾಗ ಸಂಜೆಯಾಗಿತ್ತು. ವನಜ ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದಳು. ಕಪಾಟಿನ ಕೆಳಗಿನ ಹಲಗೆಯ ಮೇಲೆ ಪ್ರಣಯದ ಸಾಲು. ಮೊದಲಿನದನ್ನು ತೆಗೆದೆ. ಇಪ್ಪತ್ತೆರಡನೆಯ ಪುಟದಲ್ಲಿ ತೆಳುವಾದ ಕಪ್ಪು ಗೆರೆ. ನಾಯಕ ಆಫೀಸಿನಿಂದ ಬಂದು, ‘ಇವತ್ತು ದಿನವೆಲ್ಲ ಏನು ಮಾಡಿದೆ?’ ಎಂದು ಹೆಂಡತಿಯನ್ನು ಕೇಳುತ್ತಾನೆ. ಪಕ್ಕದಲ್ಲಿ ಗುಂಡಾದ ಸಣ್ಣ ಅಕ್ಷರ: ‘ಇಂಥವರು ಯಾವ ಊರಿನಲ್ಲಿ ಸಿಗುತ್ತಾರೆ?’ ಯಾರೋ ಓದುಗರು ನನ್ನ ಪುಸ್ತಕ ಕೆಡಿಸಿದ್ದಾರೆ ಎಂದು ಸಿಟ್ಟು ಬಂತು. ಈ ಅಕ್ಷರವನ್ನು ಎಲ್ಲೋ ನೋಡಿದ್ದೇನಲ್ಲ ಎಂದು ಯೋಚಿಸುತ್ತ ಎರಡನೆಯ ಪುಸ್ತಕ ತೆಗೆದೆ, ಮೂರನೆಯದು ತೆಗೆದೆ. ಕೊನೆಗೆ ಹೊಳೆಯಿತು. ನೋಡಿದ್ದು ನಮ್ಮ ಅಡಿಗೆಮನೆಯಲ್ಲಿ, ಉಪ್ಪಿನಕಾಯಿ ಜಾಡಿಯ ಚೀಟಿಯ ಮೇಲೆ. ನೆಲದ ಮೇಲೆ ಕುಳಿತು ಉಳಿದವನ್ನೂ ಒಂದೊಂದಾಗಿ ತೆಗೆದೆ.

ಒಂದು ಕಾದಂಬರಿಯಲ್ಲಿ ನಾಯಕ ನಾಯಕಿಯನ್ನು ಒಂದು ಹಳೆಯ ದೇವಸ್ಥಾನಕ್ಕೆ ಕರೆದುಕೊಂಡು ಹೋಗುತ್ತಾನೆ. ಅಲ್ಲಿ ವನಜ ಬರೆದದ್ದು ಹೀಗೆ: ‘ನಾನು ಮದುವೆಯಾದದ್ದು ಬೇಲೂರಿನವರನ್ನು. ಅವರು ನೆಂಟರಿಗೆಲ್ಲ ಒಂದೊಂದು ಶಿಲಾಬಾಲಿಕೆಯನ್ನೂ ವಿವರಿಸಿದರು. ನಾನು ಹೊರಗೆ ಚಪ್ಪಲಿ ಕಾದೆ. ಹನ್ನೊಂದು ಸಲ.’ ನನಗೆ ತಕ್ಷಣ ಅದು ಸುಳ್ಳು ಅನ್ನಿಸಿತು. ನೆನಪು ಮಾಡಿಕೊಂಡೆ. ಪ್ರತಿ ಸಲವೂ ಚಪ್ಪಲಿ ಇತ್ತು, ಪ್ರತಿ ಸಲವೂ ಅವಳು ‘ನೀವು ಹೋಗಿ ಬನ್ನಿ’ ಅಂದಿದ್ದಳು, ಪ್ರತಿ ಸಲವೂ ನಾನು ಹೋಗಿದ್ದೆ.

ಅದಕ್ಕಿಂತ ದೊಡ್ಡ ಆಘಾತ ಅದರ ಕೆಳಗಿತ್ತು. ವನಜಳ ಮಾತಿನ ಕೆಳಗೆ ಬೇರೆ ಅಕ್ಷರದಲ್ಲಿ, ನೀಲಿ ಶಾಯಿಯಲ್ಲಿ: ‘ಅಕ್ಕಾ, ನಮ್ಮೋರು ನೆಂಟರನ್ನೂ ಕರ್ಕೊಂಡು ಹೋಗಲ್ಲ.’ ಅದರ ಕೆಳಗೆ ಇನ್ನೊಬ್ಬರು: ‘ಮುಂದಿನ ಸಲ ನಾವೇ ಹೋಗೋಣ. ಚಪ್ಪಲಿ ಮೇಷ್ಟ್ರು ಕಾಯಲಿ.’ ಅದಕ್ಕೆ ನಾಲ್ಕು ಜನರ ಸಹಿ. ಹಾಳೆ ತಿರುವಿದಂತೆಲ್ಲ ಅಂಚಿನ ತುಂಬ ಇಂಥದೇ ಮಾತುಕತೆ. ಬೀದಿಯ ಹೆಂಗಸರೆಲ್ಲ ನನ್ನ ಪುಸ್ತಕದ ಅಂಚಿನಲ್ಲಿ ವರ್ಷಗಳಿಂದ ಕೂಟ ನಡೆಸುತ್ತಿದ್ದಾರೆ. ನನ್ನ ರಟ್ಟಿನ ವಿಮರ್ಶೆಗೆ ಯಾರೂ ಸರದಿ ನಿಂತಿರಲಿಲ್ಲ. ನನ್ನ ಹೆಂಡತಿಗೆ ಏನು ಬೇಕಾಗಿತ್ತು ಎಂಬುದು ಎದುರು ಮನೆಗೆ ಗೊತ್ತು, ಪಕ್ಕದ ಮನೆಗೆ ಗೊತ್ತು, ತಿರುವಿನ ಮನೆಯ ಹೊಸ ಸೊಸೆಗೆ ಗೊತ್ತು. ಆ ಪುಸ್ತಕಗಳನ್ನು ನಾನೇ ಮನೆ ಮನೆಗೆ ಕೊಟ್ಟು ‘ತಪ್ಪದೆ ಓದಿ’ ಎಂದು ಹೇಳಿ ಬಂದಿದ್ದೇನೆ.

ವನಜ ಬಟ್ಟೆಯ ರಾಶಿ ಹೊತ್ತು ಒಳಗೆ ಬಂದಳು. ನನ್ನ ಸುತ್ತ ಹರಡಿದ್ದ ಪುಸ್ತಕಗಳನ್ನು ನೋಡಿ ಒಂದು ಕ್ಷಣ ನಿಂತಳು. ‘ಊರಿಗೆಲ್ಲ ಹೇಳುವ ಬದಲು ನನಗೆ ಹೇಳಬಹುದಿತ್ತಲ್ಲ’ ಅಂದೆ. ಗದರಿದಂತೆ ಇರಲಿ ಎಂದು ಹೇಳಿದ್ದು, ದನಿ ಹಾಗೆ ಬರಲಿಲ್ಲ.

‘ನಿಮಗೇ ಬರೆದದ್ದು’ ಅಂದಳು. ‘ನೀವು ಓದದೇ ಯಾವ ಪುಸ್ತಕವನ್ನೂ ಯಾರಿಗೂ ಹೇಳೋದಿಲ್ಲ ಅಂದುಕೊಂಡಿದ್ದೆ. ಪ್ರಣಯದ್ದಕ್ಕೆ ಕೆಂಪು ಗೆರೆ ಎಳೆಯೋದಕ್ಕೆ ನಾಚಿಕೆ ಇರಬೇಕು ಅಂತ ಸುಮ್ಮನಿದ್ದೆ. ಓದಿದ ಪುಸ್ತಕ ಮತ್ತೆ ತೆರೆಯೋ ಅಭ್ಯಾಸ ನಿಮಗೆ ಇದೆಯಲ್ಲ, ಯಾವತ್ತೋ ಕಣ್ಣಿಗೆ ಬೀಳುತ್ತೆ ಅಂತ ಬರೀತಿದ್ದೆ. ನೀವು ಏನೂ ಮಾತಾಡಲಿಲ್ಲ. ಓದಿಯೂ ಸುಮ್ಮನಿದ್ದಾರೆ, ಇಷ್ಟೇ ಇವರು ಅಂದುಕೊಂಡೆ.’

ಎಷ್ಟು ವರ್ಷ ಹಾಗೆ ಅಂದುಕೊಂಡೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಓದಿಯೂ ಸುಮ್ಮನಿದ್ದವನಿಗಿಂತ, ಓದದೇ ಊರಿಗೆ ಹಂಚಿದವನು ವಾಸಿಯೋ ಕಡೆಯೋ ಎಂದು ಈಗಲೂ ತೂಗಿ ನೋಡುತ್ತಿದ್ದೇನೆ. ಅವಳು ಒಂದೊಂದೇ ಬಟ್ಟೆ ಮಡಿಸುತ್ತ ಕುಳಿತಳು. ನಾನೂ ಒಂದು ಪಂಚೆ ಎತ್ತಿಕೊಂಡು ಮಡಿಸಲು ನೋಡಿದೆ. ಅವಳು ಅದನ್ನು ಬಿಡಿಸಿ ಮತ್ತೆ ಮಡಿಸಿದಳು. ‘ಸರಿ, ಇನ್ನು ಮೇಲೆ ಓದುತ್ತೇನೆ. ಯಾವುದರಿಂದ ಶುರುಮಾಡಲಿ, ನೀನೇ ಹೇಳು’ ಅಂದೆ. ಊರಿಗೆ ಕಾದಂಬರಿ ಹೇಳುವವನು ಜೀವನದಲ್ಲಿ ಮೊದಲ ಸಲ ಇನ್ನೊಬ್ಬರನ್ನು ಕೇಳಿದ್ದು.

ವನಜ ಎದ್ದು ಪುಸ್ತಕಗಳ ಮೇಲೆ ಬೆರಳಾಡಿಸಿ, ಕಷ್ಟದ ರೋಗಿಗೆ ಔಷಧಿ ಆರಿಸುವವಳಂತೆ ಯೋಚಿಸಿ, ಎಲ್ಲಕ್ಕಿಂತ ದಪ್ಪನೆಯ ಒಂದನ್ನು ತೆಗೆದು ನನ್ನ ಕೈಯಲ್ಲಿಟ್ಟಳು. ‘ಇದರಲ್ಲಿ ಗಂಡನಿಗೆ ನಿಮ್ಮಷ್ಟೇ ವಯಸ್ಸು. ಒಳ್ಳೆಯವನೇ. ಸುಧಾರಿಸುತ್ತಾನೆ’ ಅಂದಳು.

‘ಎಷ್ಟನೇ ಪುಟದಲ್ಲಿ?’ ಎಂದು ಕೇಳಿದೆ.

‘ಕೊನೇ ಪುಟದಲ್ಲಿ.’

ತಿರುಗಿಸಿ ನೋಡಿದೆ. ಒಟ್ಟು ನಾನೂರ ಹನ್ನೆರಡು ಪುಟ. ಈಗ ಹದಿನಾಲ್ಕನೆಯದರಲ್ಲಿದ್ದೇನೆ.